ವಿಜ್ಞಾನದ ಪುಸ್ತಕದೊಳಗಿನ ಇಂಗ್ಲಿಷ್ ಪದಗಳು

ನಮಸ್ಕಾರ. ಇವತ್ತಿನ ಮಾತು ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ. ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವವರಿಗೆ. ಅಪ್ಪ ಅಮ್ಮ, ಮೇಷ್ಟ್ರು, ಟೀಚರುಗಳೂ ಕೇಳಬಹುದು, ಬೇಡ ಅನ್ನುವುದಿಲ್ಲ.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗಿದೆ. ಆದರೂ ಏಳನೇ ತರಗತಿಗೆ ಬಂದ ಎಷ್ಟೋ ಮಕ್ಕಳು ಇಂಗ್ಲಿಷ್ ಪಾಠದಲ್ಲಿ ಸಾಲು ಸಾಲಿಗೂ ಎಡವುತ್ತಾರೆ. ಅದಕ್ಕೆ ದೊಡ್ಡವರ ಹತ್ತಿರ ಇರುವ ಮದ್ದು ಒಂದೇ. ದಿನಕ್ಕೆ ಐದು ಪದ, ಒಂದೊಂದನ್ನೂ ಹತ್ತು ಸಲ ಬರಿ! ಹತ್ತು ಸಲ ಬರೆಯುವಾಗ ಮಕ್ಕಳು ಏನು ಮಾಡುತ್ತಾರೆ ಗೊತ್ತಲ್ವಾ? ಬ್ಯೂಟಿಫುಲ್ ಅಂತ ಬರೆಯಬೇಕಾದರೆ, ಮೊದಲು ಮೇಲಿಂದ ಕೆಳಗೆ ಹತ್ತು ‘ಬಿ’, ಆಮೇಲೆ ಅದರ ಪಕ್ಕ ಹತ್ತು ‘ಇ’, ಅದರ ಪಕ್ಕ ಹತ್ತು ‘ಎ’, ಹೀಗೆ ಕಂಬ ನಿಲ್ಲಿಸಿಕೊಂಡು ಹೋಗುತ್ತಾರೆ. ಪುಟ ತುಂಬುತ್ತದೆ, ಟೀಚರ್ ರೈಟ್ ಹಾಕುತ್ತಾರೆ, ಪದ ಮಾತ್ರ ತಲೆಗೆ ಹೋಗಿರುವುದಿಲ್ಲ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಸುಮ್ನೆ ಕೈಗೆ ಕೆಲಸ ಕೊಟ್ಟರೆ ಕೈ ಸುಲಭದ ದಾರಿ ಹುಡುಕುತ್ತದೆ.

ನಾನು ಹೇಳುವುದು ಬೇರೆ ದಾರಿ. ನಿಮ್ಮ ಕನ್ನಡದ ವಿಜ್ಞಾನ ಪುಸ್ತಕ, ಗಣಿತ ಪುಸ್ತಕ ಇವೆಯಲ್ಲ, ಅವುಗಳಲ್ಲೇ ನೂರಾರು ಇಂಗ್ಲಿಷ್ ಪದಗಳ ಬೀಗದ ಕೈ ಇದೆ.

ಜಲಜನಕ, ಆಮ್ಲಜನಕ ನಿಮಗೆ ಗೊತ್ತು. ಜನಕ ಅಂದರೆ ಹುಟ್ಟಿಸುವವನು. ಜಲಜನಕ, ನೀರನ್ನು ಹುಟ್ಟಿಸುವುದು. ಈಗ ಇಂಗ್ಲಿಷಿನ ಹೈಡ್ರೋಜನ್ ತಗೊಳ್ಳಿ. ಹೈಡ್ರೋ ಅಂದರೆ ಗ್ರೀಕಿನಲ್ಲಿ ನೀರು, ಜೆನ್ ಅಂದರೆ ಹುಟ್ಟಿಸುವುದು. ಪದವನ್ನು ಮುರಿದರೆ ಒಳಗೆ ಇರುವುದು ಅದೇ ಜಲಜನಕ! ನಮ್ಮ ಜನಕದ ‘ಜನ್’ ಮತ್ತು ಅವರ ‘ಜೆನ್’ ದೂರದ ನೆಂಟರೇ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದ ಭಾಷೆಗಳು. ಇನ್ನು ಜಾತ್ರೆಯಲ್ಲಿ, ಮದುವೆ ಮನೆಯ ಹಿಂದೆ ಡಬಡಬ ಸದ್ದು ಮಾಡುವ ಜನರೇಟರ್ ಯಾರಿಗೆ ಗೊತ್ತಿಲ್ಲ? ಅದು ಕರೆಂಟ್ ಹುಟ್ಟಿಸುತ್ತದೆ. ಜನರೇಟ್ ಅಂದರೆ ಹುಟ್ಟಿಸು. ಜನರೇಷನ್ ಅಂದರೆ ಒಂದು ಕಾಲದಲ್ಲಿ ಹುಟ್ಟಿದವರು, ತಲೆಮಾರು. ಒಂದೇ ತುಂಡು ಹಿಡಿದುಕೊಂಡು ನಾಲ್ಕು ಪದ ಬಂತು, ಒಂದನ್ನೂ ಹತ್ತು ಸಲ ಬರೆಯಲಿಲ್ಲ.

ಇಲ್ಲೊಂದು ತಮಾಷೆಯೂ ಇದೆ. ಆಮ್ಲಜನಕ ಅಂದರೆ ಆಮ್ಲವನ್ನು ಹುಟ್ಟಿಸುವುದು, ಆಕ್ಸಿಜನ್ ಅಂದರೂ ಅದೇ. ಆ ಹೆಸರಿಟ್ಟ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ ಎಲ್ಲಾ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕು ಅಂದುಕೊಂಡಿದ್ದರು. ಅದು ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ. ನಾವು ಹೆಸರಿನ ಜೊತೆಗೆ ಅವರ ತಪ್ಪನ್ನೂ ತಂದು ಇಟ್ಟುಕೊಂಡಿದ್ದೇವೆ, ಇರಲಿ ಬಿಡಿ.

ದ್ಯುತಿಸಂಶ್ಲೇಷಣೆ ಅಂದರೆ ಮಕ್ಕಳಿಗೆ ನಾಲಿಗೆ ಹೊರಳುವುದಿಲ್ಲ. ದ್ಯುತಿ ಬೆಳಕು, ಸಂಶ್ಲೇಷಣೆ ಅಂದರೆ ಒಟ್ಟುಗೂಡಿಸಿ ಕಟ್ಟುವುದು. ಫೋಟೋ ಬೆಳಕು, ಸಿಂಥೆಸಿಸ್ ಒಟ್ಟುಗೂಡಿಸುವುದು. ಫೋಟೋಸಿಂಥೆಸಿಸ್! ಹಾಗಾದರೆ ಮೊಬೈಲಿನಲ್ಲಿ ತೆಗೆಯುವ ಫೋಟೋಗ್ರಾಫ್? ಗ್ರಾಫ್ ಅಂದರೆ ಬರೆದದ್ದು, ಬೆಳಕಿನಿಂದ ಬರೆದ ಚಿತ್ರ. ಗಣಿತಕ್ಕೆ ಬನ್ನಿ. ಸಮಬಾಹು ತ್ರಿಭುಜ, ಇಕ್ವಿಲ್ಯಾಟರಲ್. ಇಕ್ವಿ ಅಂದರೆ ಸಮ, ಲ್ಯಾಟರಲ್ ಅಂದರೆ ಪಕ್ಕದ್ದು, ಬಾಹುವಿಗೆ ಸಂಬಂಧಿಸಿದ್ದು. ಇಕ್ವಲ್ ಗೊತ್ತಿದ್ದ ಹುಡುಗಿಗೆ ಇಕ್ವಿ ಹೊಸದೇ ಅಲ್ಲ. ಕ್ರಿಕೆಟ್ ನೋಡುವ ಹುಡುಗರಿಗೆ ಸೆಂಚುರಿ ಗೊತ್ತು, ಅಂದರೆ ಸೆಂಟಿಪೀಡ್ ಅರ್ಧ ಬಂದ ಹಾಗೆಯೇ. ಸೆಂಟ್ ಅಂದರೆ ನೂರು, ನಮ್ಮ ಶತ. ಶತಕ, ಶತಪದಿ.

ಎಲ್ಲಾ ಕಡೆ ಹೀಗೆ ಕೂಡಿಬರುತ್ತದೆ ಅಂತಲ್ಲ. ಪರಮಾಣು ಅಂದರೆ ಅತಿ ಸಣ್ಣ ಕಣ, ಆದರೆ ಆಟಮ್ ಅಂದರೆ ಗ್ರೀಕಿನಲ್ಲಿ ತುಂಡು ಮಾಡಲಾಗದ್ದು. ಅಂಥ ಕಡೆ ಸುಮ್ಮನೆ ಎಳೆದಾಡಬೇಡಿ. ಆದರೂ ಮುಂದೆ ಪಿಯುಸಿಗೆ ಹೋಗಿ ಸೈನ್ಸ್ ತಗೊಂಡು, ಕನ್ನಡದಲ್ಲಿ ಚೆನ್ನಾಗಿ ಗೊತ್ತಿದ್ದ ವಿಷಯವೇ ಇಂಗ್ಲಿಷಿನಲ್ಲಿ ಅಪರಿಚಿತವಾಗಿ ಕಂಡು, ಹಿಂದಿನ ಬೆಂಚಿನಲ್ಲಿ ಕೂತು ಬೆವರುವ ಮಕ್ಕಳಿದ್ದಾರಲ್ಲ, ಅವರಿಗೆ ಈ ಅಭ್ಯಾಸ ಏಳನೇ ತರಗತಿಯಲ್ಲೇ ಸಿಕ್ಕಿದ್ದರೆ ಆ ಮೊದಲ ಆರು ತಿಂಗಳ ಕಷ್ಟ ಎಷ್ಟೋ ಕಡಿಮೆಯಾಗುತ್ತಿತ್ತು.

ಇನ್ನು ಸಣ್ಣ ಪದಗಳು. ಇವುಗಳಿಗೆ ಮುರಿಯುವ ಉಪಾಯ ನಡೆಯುವುದಿಲ್ಲ. ಫೋಟೋ ತೆಗಿ ಅನ್ನುವುದನ್ನು ‘ರಿಮೂವ್ ಫೋಟೋ’ ಅಂತ, ಲೈಟ್ ಹಾಕು ಅನ್ನುವುದನ್ನು ‘ಪುಟ್ ದ ಲೈಟ್’ ಅಂತ ಮಕ್ಕಳು ಹೇಳುತ್ತಾರೆ. ರಿಮೂವ್ ಪದ ಗೊತ್ತು, ಅದರ ಜೊತೆಗಾರರು ಯಾರು ಅಂತ ಗೊತ್ತಿಲ್ಲ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆಯಬೇಡಿ. ‘ಟೇಕ್ ಎ ಫೋಟೋ’, ‘ಸ್ವಿಚ್ ಆನ್ ದ ಲೈಟ್’ ಅಂತ ಜೋಡಿಯಾಗಿಯೇ ಬರೆಯಿರಿ. ಪ್ರಶ್ನೆಪತ್ರಿಕೆಯ ಪದಗಳನ್ನೂ ಬೇರೆಯಾಗಿ ಕಲಿಯಿರಿ. ಡಿಫೈನ್, ಕಂಪೇರ್, ಡಿಸ್ಟಿಂಗ್ವಿಶ್, ಗಿವ್ ರೀಸನ್ಸ್. ಉತ್ತರ ಬಾಯಲ್ಲೇ ಇದ್ದರೂ ಡಿಸ್ಟಿಂಗ್ವಿಶ್ ಅಂದರೆ ವ್ಯತ್ಯಾಸ ತಿಳಿಸಿ ಅಂತ ಗೊತ್ತಿಲ್ಲದೆ ಅಂಕ ಕಳೆದುಕೊಳ್ಳುವುದು ಹೊಟ್ಟೆ ಉರಿಯುವ ವಿಷಯ.

ಮರೆವಿನ ಬಗ್ಗೆ ಒಂದು ಮಾತು. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಪರೀಕ್ಷಿಸಿ 1885ರಲ್ಲಿ ಪುಸ್ತಕ ಬರೆದರು. ಕಲಿತ ಮೊದಲ ದಿನವೇ ಜಾಸ್ತಿ ಮರೆತುಹೋಗುತ್ತದೆ, ಆಮೇಲೆ ನಿಧಾನ. ಹಾಗಾಗಿ ಒಂದೇ ಸಂಜೆ ಹತ್ತು ಸಲ ಬೇಡ. ನಾಳೆ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ನೋಡಿ ಬರೆಯುವುದಲ್ಲ, ನೆನಪಿಸಿಕೊಂಡು ಹೇಳುವುದು. ಹಾಳೆಯನ್ನು ಉದ್ದಕ್ಕೆ ಮಡಚಿ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಬರೆಯಿರಿ. ಕನ್ನಡ ನೋಡಿ ಇಂಗ್ಲಿಷ್ ಹೇಳಿ, ಬರದಿದ್ದರೆ ತಿರುಗಿಸಿ ನೋಡಿ, ಆ ಪದದ ಪಕ್ಕ ಒಂದು ಚುಕ್ಕೆ ಇಡಿ. ಚುಕ್ಕೆ ಜಾಸ್ತಿ ಇರುವ ಪದಗಳನ್ನು ಅಮ್ಮನ ಕೈಗೆ ಕೊಟ್ಟು ಕೇಳಿಸಿಕೊಳ್ಳಿ. ಅಮ್ಮನಿಗೆ ಇಂಗ್ಲಿಷ್ ಬರಬೇಕು ಅಂತಿಲ್ಲ, ಕನ್ನಡದ ಕಡೆ ಓದಿದರೆ ಸಾಕು. ನೀವು ಹೇಳಿದ ಮೇಲೆ ಹಾಳೆ ತಿರುಗಿಸಿ ಇಬ್ಬರೂ ನೋಡಿ. ನಮಸ್ಕಾರ.