ಮೌನವಾದ ಅಸರ್ಷನ್ ಕಾವಲು ಕಾಯುವುದಿಲ್ಲ

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ 20 ಪಾಯಿಂಟರ್‌ಗಳ (ಮೆಮೊರಿ ವಿಳಾಸಗಳ) ಒಂದು ಅರೇ ಇದೆ ಎಂದುಕೊಳ್ಳಿ. 64 ಬಿಟ್ ಯಂತ್ರದಲ್ಲಿ ಅದಕ್ಕೆ ಬೇಕಾದದ್ದು 160 ಬೈಟ್; ಆದರೆ ಲಿನಕ್ಸ್‌ನಲ್ಲಿ ಮೆಮೊರಿ ಹಂಚುವ ಕೆಮ್ಯಾಲಕ್ ಅಷ್ಟನ್ನೇ ಅಳೆದು ಕೊಡುವುದಿಲ್ಲ, ಸಾಮಾನ್ಯವಾಗಿ 192 ಬೈಟ್‌ನ ತುಂಡೊಂದನ್ನು ಕೊಡುತ್ತದೆ. ಈಗ ಕೋಡ್ ತಪ್ಪಿ 21ನೆಯ ಪಾಯಿಂಟರನ್ನು ಓದಿದರೆ ಏನೂ ಆಗುವುದಿಲ್ಲ. ಆ ಜಾಗ ಅದೇ ತುಂಡಿನೊಳಗೇ ಇರುವುದರಿಂದ ಇಲ್ಲದ ಮೆಮೊರಿಯನ್ನು ಮುಟ್ಟಿದಾಗ ಪ್ರೊಸೆಸರ್ ಎತ್ತುವ ಪೇಜ್ ಫಾಲ್ಟ್ ಇಲ್ಲ, ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಹಿಂದೆ ಆ ಮೆಮೊರಿಯನ್ನು ಬಳಸಿದವರು ಬಿಟ್ಟುಹೋದ ಹಳೆಯ ಮೌಲ್ಯ ಕೈಗೆ ಬರುತ್ತದೆ, ಕೋಡ್ ಅದನ್ನೇ ನಂಬಿ ಮುಂದೆ ಸಾಗುತ್ತದೆ. ಎಷ್ಟೋ ಹೊತ್ತಿನ ಮೇಲೆ ಸಂಬಂಧವೇ ಇಲ್ಲದ ಫಂಕ್ಷನ್‌ನಲ್ಲಿ ಯಂತ್ರ ಕುಸಿದಾಗ, ಸ್ಟ್ಯಾಕ್ ಟ್ರೇಸ್ (ಫಂಕ್ಷನ್ ಕರೆಗಳ ಪಟ್ಟಿ) ತೋರಿಸುವುದು ಕುಸಿದ ಜಾಗವನ್ನೇ ಹೊರತು ತಪ್ಪು ನಡೆದ ಜಾಗವನ್ನಲ್ಲ.

ಇಂಥ ಬಗ್‌ಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು, ಆ ಸಾಲಿನ ಮೇಲೆಯೇ ಇಂಡೆಕ್ಸ್ (ಅರೇಯಲ್ಲಿನ ಸ್ಥಾನದ ಸಂಖ್ಯೆ) ಮಿತಿಯೊಳಗಿರಬೇಕೆಂಬ ಅಸರ್ಷನ್, ಅಂದರೆ ಷರತ್ತು ನಿಜವೇ ಎಂದು ನೋಡುವ ಪರೀಕ್ಷೆ, ಇರುವುದು. ಬರೆದವರಿಗೆ ಅಪಾಯ ಗೊತ್ತಿತ್ತು. ಆದರೆ ಅದು ವಿಎಂ_ಬಗ್_ಆನ್‌ನಂಥ ಮ್ಯಾಕ್ರೋ ಆಗಿದ್ದರೆ, ಡೀಬಗ್ ಆಯ್ಕೆ ಆಫ್ ಆಗಿರುವ ಬಿಲ್ಡ್‌ನಲ್ಲಿ ಆ ಪರೀಕ್ಷೆಗಾಗಿ ಒಂದೇ ಒಂದು ಇನ್‌ಸ್ಟ್ರಕ್ಷನ್ ಕೂಡ ಉಳಿಯುವುದಿಲ್ಲ. ರಿವ್ಯೂ ಮಾಡುವವರು ಮಾತ್ರ ಅದನ್ನು ಕಂಡು, ಇಲ್ಲಿ ಪರೀಕ್ಷೆ ಇದೆಯೆಂದು ಮುಂದಿನ ಸಾಲಿಗೆ ಹೋಗುತ್ತಾರೆ. ಅಸರ್ಷನ್ ಇಲ್ಲದ ಕೋಡ್ ಕನಿಷ್ಠ ಅನುಮಾನವನ್ನಾದರೂ ಹುಟ್ಟಿಸುತ್ತದೆ. ಮೌನವಾದ ಅಸರ್ಷನ್ ಆ ಅನುಮಾನವನ್ನೂ ಕಿತ್ತುಕೊಳ್ಳುತ್ತದೆ.

2015ರಲ್ಲಿ ಲಿನಕ್ಸ್ 4.0 ಜೊತೆಗೆ ಬಂದ ಕೆಸಾನ್ ಎಂಬ ಮೆಮೊರಿ ತಪಾಸಣೆಯ ಸಾಧನ ಇದನ್ನು ಹಿಡಿಯಬಲ್ಲದು. ಪ್ರತಿ 8 ಬೈಟ್‌ಗೆ ಒಂದು ನೆರಳು ಬೈಟ್ ಇಟ್ಟುಕೊಂಡು, ನಮ್ಮ ತುಂಡಿನ ಕೊನೆಯ 32 ಬೈಟ್‌ಗಳನ್ನು ನಿಷಿದ್ಧವೆಂದು ಗುರುತಿಸಿರುತ್ತದೆ; 21ನೆಯದನ್ನು ಮುಟ್ಟಿದ ಕ್ಷಣವೇ ಓದಿದವರು ಯಾರು, ಆ ಮೆಮೊರಿಯನ್ನು ಪಡೆದವರು ಯಾರು ಎಂಬುದನ್ನು ವರದಿ ಮಾಡುತ್ತದೆ. ಆದರೆ ಓಡದ ದಾರಿಯನ್ನು ಅದೂ ನೋಡಲಾರದು.

2024ರ ಜುಲೈ 19ರಂದು ನಡೆದದ್ದೂ ಹೀಗೆಯೇ. ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ವಿಂಡೋಸ್ ಕರ್ನಲ್ ಡ್ರೈವರ್‌ಗೆ ಸಿಕ್ಕಿದ್ದು 20 ಇನ್‌ಪುಟ್, ನಿಯಮ ಕೇಳಿದ್ದು 21. ಅದಕ್ಕೂ ಮೊದಲು 21ನೆಯದಕ್ಕೆ ಏನಿದ್ದರೂ ಸರಿ ಎನ್ನುವ ವೈಲ್ಡ್‌ಕಾರ್ಡ್ ಇದ್ದುದರಿಂದ ಅದನ್ನು ಓದುವ ಸಂದರ್ಭವೇ ಬಂದಿರಲಿಲ್ಲ. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ತೊಂದರೆಗೊಳಗಾದವು. ಆಮೇಲೆ ಸೇರಿಸಿದ್ದು ರನ್‌ಟೈಮ್‌ನಲ್ಲಿ ಮಿತಿ ನೋಡುವ ಒಂದು ಪರೀಕ್ಷೆ.

ಹಾಗಾಗಿ ಹೊರಗಿನಿಂದ ಬರುವ ಇಂಡೆಕ್ಸ್‌ಗೆ ನಾನು ಕೇಳುವುದು ಸಾಮಾನ್ಯ ಇಫ್ ಮತ್ತು ಎರರ್ ರಿಟರ್ನ್. ಎಂದೂ ಆಗಬಾರದ ಸ್ಥಿತಿಯಾದರೆ ಆ ಇಫ್ ಒಳಗೆ ವಾರ್ನ್_ಆನ್_ಒನ್ಸ್ ಇರಲಿ: ಅದು ಲಾಗ್‌ನಲ್ಲಿ ಒಂದೇ ಸಲ ಕೂಗಿದರೂ ಷರತ್ತಿನ ಉತ್ತರವನ್ನು ಪ್ರತಿ ಸಲವೂ ಹಿಂದಿರುಗಿಸುತ್ತದೆ. ಬಳಕೆದಾರರು ಬೇಕೆಂದಾಗ ಹುಟ್ಟಿಸಬಹುದಾದ ಸ್ಥಿತಿಗೆ ಆ ವಾರ್ನಿಂಗ್ ಕೂಡ ಬೇಡ, ಏಕೆಂದರೆ ವಾರ್ನಿಂಗ್ ಬಂದೊಡನೆ ಕರ್ನಲ್ ಅನ್ನು ನಿಲ್ಲಿಸುವ ಪ್ಯಾನಿಕ್_ಆನ್_ವಾರ್ನ್ ಆಯ್ಕೆ ಇಟ್ಟುಕೊಂಡ ಯಂತ್ರವನ್ನು ಅದರಿಂದಲೇ ಬೀಳಿಸಬಹುದು.