ನಾಯಕನಿಲ್ಲದ ಹಿಂಡು ಒಂದೇ ದಿಕ್ಕಿಗೆ ತಿರುಗುವುದು ಹೇಗೆ?

[ದೃಶ್ಯ: ಸಂಜೆ. ಜೋಳದ ಹೊಲದ ಮೇಲೆ ಹೊರಳುತ್ತಿರುವ ಗುಲಾಬಿ ಕಬ್ಬಕ್ಕಿಗಳ ಹಿಂಡು]

ನಮಸ್ಕಾರ. ಚಳಿಗಾಲಕ್ಕೆ ನಮ್ಮ ಬಯಲುಸೀಮೆಯ ಜೋಳದ ಹೊಲಗಳಿಗೆ ಬಂದಿಳಿಯುವ ಕಬ್ಬಕ್ಕಿಗಳಿವು. ಇವುಗಳ ಬಂಧುವಾದ ಯುರೋಪಿನ ಕಬ್ಬಕ್ಕಿಗಳ ಹಿಂಡನ್ನು ರೋಮ್ ನಗರದಲ್ಲಿ ಹಲವು ಕ್ಯಾಮೆರಾಗಳಿಂದ ಸೆರೆಹಿಡಿದು, ಒಂದೊಂದು ಹಕ್ಕಿಯ ಜಾಗವನ್ನೂ ಗುರುತಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದು ಹಕ್ಕಿ ಹೊಂದಿಕೊಳ್ಳುವುದು ಸರಾಸರಿ 6–7 ನೆರೆಹಕ್ಕಿಗಳ ಜೊತೆ ಮಾತ್ರ. ಹಿಂಡು ದಟ್ಟವಾಗಿರಲಿ, ತೆಳುವಾಗಿರಲಿ, ಸಂಖ್ಯೆ ಅಷ್ಟೇ.

ಇಂಥ ವ್ಯವಸ್ಥೆಗೆ ಭೌತವಿಜ್ಞಾನಿಗಳು ಆಕ್ಟಿವ್ ಮ್ಯಾಟರ್ ಅನ್ನುತ್ತಾರೆ. ಇಲ್ಲಿ ಪ್ರತಿಯೊಂದು ಘಟಕವೂ ತಾನೇ ಶಕ್ತಿ ಖರ್ಚು ಮಾಡಿ ಚಲಿಸುತ್ತದೆ. ಗಾಳಿಗೆ ಹಾರುವ ತರಗೆಲೆ ಈ ಗುಂಪಿಗೆ ಸೇರುವುದಿಲ್ಲ. ಈಜುವ ಬ್ಯಾಕ್ಟೀರಿಯಾ ಸೇರುತ್ತದೆ.

[ಪರದೆಯಲ್ಲಿ: ಚೌಕದೊಳಗೆ 300 ಬಾಣಗಳು, ದಿಕ್ಕಾಪಾಲು]

ನಾಯಕನಿಲ್ಲದೆ ಹಿಂಡು ಕಟ್ಟಬಹುದೇ? ನೀವೇ ಪ್ರೋಗ್ರಾಂ ಬರೆದು ನೋಡಬಹುದು. ಹಂಗೇರಿಯ ತಮಾಶ್ ವಿಚೆಕ್ ಮತ್ತು ಸಂಗಡಿಗರು 1995ರಲ್ಲಿ ಕೊಟ್ಟ ಮಾದರಿ ಇದು. 5×5 ಚೌಕದಲ್ಲಿ 300 ಕಣ. ಪ್ರತಿ ಕಣಕ್ಕೆ ಒಂದು ಜಾಗ, ಒಂದು ಕೋನ. ಪ್ರತಿ ಹೆಜ್ಜೆಯಲ್ಲೂ 1 ಮಾನ ದೂರದೊಳಗಿನ ಕಣಗಳ ಸರಾಸರಿ ದಿಕ್ಕು ತೆಗೆದುಕೊಳ್ಳಿ, ಆ ಕಣವನ್ನೂ ಸೇರಿಸಿ. ಅದಕ್ಕೆ −0.05ರಿಂದ +0.05 ರೇಡಿಯನ್ ನಡುವಿನ ಒಂದು ಯಾದೃಚ್ಛಿಕ ಕೋನ ಕೂಡಿಸಿ, ಅಂದರೆ ಸುಮಾರು 3 ಡಿಗ್ರಿ ಆಚೀಚೆ. ಆಮೇಲೆ ಕಣವನ್ನು 0.03 ಮುಂದಕ್ಕೆ ಸರಿಸಿ. ಬಲ ಅಂಚಿನಿಂದ ಹೊರಬಿದ್ದದ್ದು ಎಡ ಅಂಚಿನಿಂದ ಒಳಬರಲಿ.

ಎಡವುವುದು ಹೆಚ್ಚಾಗಿ ಸರಾಸರಿಯಲ್ಲಿ. 350 ಡಿಗ್ರಿ ಮತ್ತು 10 ಡಿಗ್ರಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 180 ಬರುತ್ತದೆ, ಪೂರ್ತಿ ಉಲ್ಟಾ ದಿಕ್ಕು. ಸೈನ್‌ಗಳನ್ನು ಬೇರೆ, ಕೊಸೈನ್‌ಗಳನ್ನು ಬೇರೆ ಕೂಡಿಸಿ, ಆ ಎರಡು ಮೊತ್ತಗಳಿಂದ ಕೋನ ಕಂಡುಹಿಡಿಯಿರಿ. ಎಲ್ಲ ಕಣಗಳ ಹೊಸ ಕೋನ ಸಿಕ್ಕಮೇಲಷ್ಟೇ ಹಳೆಯದನ್ನು ಅಳಿಸಿ. ಇಲ್ಲದಿದ್ದರೆ ಕಣದ ಕ್ರಮಸಂಖ್ಯೆಯೂ ಫಲಿತಾಂಶದೊಳಗೆ ನುಸುಳುತ್ತದೆ. ದೂರ ಅಳೆಯುವಾಗ ಅಂಚಿನಾಚೆಯ ನೆರೆಯವರನ್ನು ಬಿಡಬೇಡಿ.

[ಪರದೆಯಲ್ಲಿ: ಬಾಣಗಳು ಒಂದೇ ದಿಕ್ಕಿಗೆ ತಿರುಗುತ್ತವೆ, ಪಕ್ಕದಲ್ಲಿ ಏರುವ ಗ್ರಾಫ್]

ಒಗ್ಗಟ್ಟನ್ನು ಅಳೆಯಲು ಎಲ್ಲ ದಿಕ್ಕಿನ ಏಕಮಾನ ಬಾಣಗಳನ್ನು ಸದಿಶಗಳಾಗಿ ಕೂಡಿಸಿ, ಮೊತ್ತದ ಉದ್ದವನ್ನು 300ರಿಂದ ಭಾಗಿಸಿ. ಎಲ್ಲವೂ ಒಂದೇ ಕಡೆ ಹೊರಟಿದ್ದರೆ 1. ಪೂರ್ತಿ ಚೆದುರಿದ್ದರೂ 0 ಸಿಗುವುದಿಲ್ಲ, 0.06ರ ಆಸುಪಾಸು ಇರುತ್ತದೆ; ಅದನ್ನು ಒಗ್ಗಟ್ಟು ಎಂದು ಓದಬೇಡಿ. ಗದ್ದಲವನ್ನು, ಅಂದರೆ ಪ್ರತಿ ಹೆಜ್ಜೆಗೂ ಕೂಡಿಸುವ ಆ ಯಾದೃಚ್ಛಿಕ ಕೋನದ ಮಿತಿಯನ್ನು, ಹಿಗ್ಗಿಸುತ್ತಾ ಹೋದರೆ ಒಂದು ಹಂತದಲ್ಲಿ ಹಿಂಡು ಚೆದುರುತ್ತದೆ.

ಆ ಹಂತದ ಬಗ್ಗೆ ಚಿಕ್ಕ ಚೌಕ ನಮ್ಮನ್ನು ದಾರಿ ತಪ್ಪಿಸುತ್ತದೆ. ಬದಲಾವಣೆ ನಿಧಾನಕ್ಕೆ ಆಗುತ್ತದೆ ಎಂದೇ ಮೊದಲು ತಿಳಿಯಲಾಗಿತ್ತು. 2004ರಲ್ಲಿ ಭೌತವಿಜ್ಞಾನಿಗಳಾದ ಗ್ರೆಗ್ವಾರ್ ಮತ್ತು ಶಾಟೆ ದೊಡ್ಡ ಚೌಕಗಳಲ್ಲಿ ನೋಡಿದಾಗ ಅದು ಥಟ್ಟನೆ ಆಗುವುದು ಕಂಡಿತು. ಅಲ್ಲಿ ದಟ್ಟವಾದ ಪಟ್ಟಿಗಳು ಎದ್ದು ಸಾಗುತ್ತವೆ: ಕಣ ದಟ್ಟವಾದಲ್ಲಿ ನೆರೆಯವರು ಹೆಚ್ಚು, ಹಾಗಾಗಿ ಒಗ್ಗಟ್ಟು ಬಲ. ದೊಡ್ಡ ಚೌಕಕ್ಕೆ ಹೋದರೆ ಲೆಕ್ಕವೂ ಬೆಳೆಯುತ್ತದೆ. 300 ಕಣಕ್ಕೆ 44,850 ಜೋಡಿ ಇದ್ದದ್ದು 30,000 ಕಣಕ್ಕೆ ಸುಮಾರು 45 ಕೋಟಿಯಾಗುತ್ತದೆ. ಚೌಕವನ್ನು 1×1 ಮನೆಗಳಾಗಿ ಒಡೆದು, ಸ್ವಂತ ಮನೆ ಮತ್ತು ಸುತ್ತಲಿನ 8 ಮನೆಗಳಲ್ಲಿ ಮಾತ್ರ ಹುಡುಕಿದರೆ ಸಾಕು.

ಇದರಲ್ಲಿ ಅತ್ಯಂತ ಸೊಗಸಾದ ಸಂಗತಿ ಇನ್ನೊಂದು. ಸಮತಲದಲ್ಲಿ ಯಾವ ದಿಕ್ಕಿಗೂ ತಿರುಗಬಲ್ಲ ಕಾಂತೀಯ ಬಾಣಗಳು, ಅಕ್ಕಪಕ್ಕದವನ್ನಷ್ಟೇ ನೋಡುತ್ತಾ ನಿಂತಲ್ಲೇ ನಿಂತಿದ್ದರೆ, ಸ್ವಲ್ಪ ಶಾಖವಿದ್ದರೂ ದೂರದೂರಕ್ಕೆ ಒಂದೇ ದಿಕ್ಕು ಹಿಡಿಯಲಾರವು. ಮರ್ಮಿನ್–ವ್ಯಾಗ್ನರ್ ಪ್ರಮೇಯ ಹೇಳುವುದು ಇದನ್ನೇ. ಹಿಂಡು ಆ ಮಿತಿಯನ್ನು ದಾಟುತ್ತದೆ. 1995ರಲ್ಲೇ ಭೌತವಿಜ್ಞಾನಿಗಳಾದ ಟೋನರ್ ಮತ್ತು ತು ಇದಕ್ಕೆ ಕಾರಣ ತೋರಿಸಿದರು: ಕಣ ಓಡಾಡುತ್ತದೆ, ನೆರೆಯವರು ಬದಲಾಗುತ್ತಲೇ ಇರುತ್ತಾರೆ, ದಿಕ್ಕಿನ ಸುದ್ದಿ ಬೇಗ ದೂರ ಹಬ್ಬುತ್ತದೆ.

[ದೃಶ್ಯ: ಕಂಪಿಸುವ ತಟ್ಟೆ, ಗಾಜಿನ ಮುಚ್ಚಳದಡಿ ಹಿತ್ತಾಳೆ ಕಡ್ಡಿಗಳು ಮತ್ತು ಮಣಿಗಳು]

ಹಿಂಡು ಕಟ್ಟಲು ಜೀವವೂ ಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀರಾಮ್ ರಾಮಸ್ವಾಮಿ, ಎ.ಕೆ. ಸೂದ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದದ್ದು 4.5 ಮಿಲಿಮೀಟರ್ ಉದ್ದದ ಹಿತ್ತಾಳೆ ಕಡ್ಡಿಗಳು. ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ತಟ್ಟೆಯನ್ನು ಸೆಕೆಂಡಿಗೆ 200 ಸಲ ಮೇಲೆ ಕೆಳಗೆ ಕಂಪಿಸಿದಾಗ, ಎರಡು ತುದಿ ಒಂದೇ ತೆರನಾಗಿ ಇಲ್ಲದ ಕಾರಣ ಕಡ್ಡಿ ಒಂದು ಕಡೆಗೇ ಓಡುತ್ತದೆ. ವಿರಳವಾಗಿ ಹರಡಿದ ಕಡ್ಡಿಗಳಷ್ಟೇ ಇದ್ದರೆ ಹಿಂಡಾಗುವುದಿಲ್ಲ. ನಡುವೆ 0.8 ಮಿಲಿಮೀಟರ್‌ನ ಅಲ್ಯೂಮಿನಿಯಂ ಮಣಿಗಳನ್ನು ಸಾಕಷ್ಟು ತುಂಬಿ: ಓಡುವ ಕಡ್ಡಿ ಮಣಿಗಳನ್ನು ತಳ್ಳುತ್ತದೆ, ಮಣಿಗಳ ಹರಿವು ದೂರದ ಕಡ್ಡಿಯನ್ನು ತನ್ನ ದಿಕ್ಕಿಗೆ ತಿರುಗಿಸುತ್ತದೆ, ಎಲ್ಲವೂ ಒಟ್ಟಾಗಿ ಸುತ್ತತೊಡಗುತ್ತವೆ.

ಹಾಗಂತ ಇದೇ ಲೆಕ್ಕವನ್ನು ನೀರಿನಲ್ಲಿ ಈಜುವ ಬ್ಯಾಕ್ಟೀರಿಯಾಕ್ಕೆ ಹಚ್ಚಬೇಡಿ. ಮಣಿಗಳ ಸಂವೇಗವನ್ನು, ಅಂದರೆ ಚಲನೆಯ ರಭಸವನ್ನು, ತಟ್ಟೆಯ ಘರ್ಷಣೆ ಹೀರಿಕೊಳ್ಳುತ್ತದೆ. ತುಂಬು ನೀರಿನಲ್ಲಿ ಆ ಸಂವೇಗ ಎಲ್ಲೂ ಹೋಗದೆ ನೀರಲ್ಲೇ ಉಳಿದು, ಒಬ್ಬರ ಹರಿವು ಇನ್ನೊಬ್ಬರನ್ನು ಓರೆಯಾಗಿಸುತ್ತದೆ. ಸಾಲುಗಟ್ಟಿ ಈಜುವ ಸೂಕ್ಷ್ಮಜೀವಿಗಳ ಶಿಸ್ತು ಇದರಿಂದಲೇ ಮುರಿಯುತ್ತದೆ ಎಂದು ಅದಿತಿ ಸಿಂಹ ಮತ್ತು ರಾಮಸ್ವಾಮಿ 2002ರಲ್ಲಿ ತೋರಿಸಿದರು. ದಟ್ಟವಾದ ಬ್ಯಾಕ್ಟೀರಿಯಾ ದ್ರಾವಣದಲ್ಲಿ ಸೂಕ್ಷ್ಮದರ್ಶಕ ಕಾಣಿಸುವುದು ಹುಟ್ಟಿ ಅಳಿಯುವ ಸುಳಿಗಳನ್ನೇ.