ಅಕ್ಕನ ಮನೆಯ ಟಾರ್ಪಾಲಿನ ಹಿಂದೆ

ಇದು ಕಾಞಂಗಾಡಿನಲ್ಲಿರುವ ನನ್ನ ಅಕ್ಕನ ಮನೆಯ ಹಿಂಬದಿ. ಮಳೆಗಾಲಕ್ಕೆ ಮುಂಚೆ ಭಾವ ಎರಚಲು ತಡೆಯಲೆಂದು ಪ್ರತಿ ವರ್ಷ ಇಲ್ಲಿ ನೀಲಿ ಟಾರ್ಪಾಲು ಕಟ್ಟುತ್ತಾರೆ. ಈ ಸಲ ಅದರ ಮರೆಗೆ ಸಿಕ್ಕಿದ್ದು ಹೊಸದಾಗಿ ಬಂದ ಪೈಪ್ ಗ್ಯಾಸಿನ ಮೀಟರ್, ಪಕ್ಕದಲ್ಲೇ ರೆಗ್ಯುಲೇಟರ್. "ಒದ್ದೆಯಾಗದಿರಲಿ ಎಂದು ಚೆನ್ನಾಗಿ ಮುಚ್ಚಿದ್ದೇನೆ" ಎಂದರು. "ಭಾವ, ಮೊದಲು ಅದನ್ನು ಬಿಚ್ಚಿ" ಎಂದೆ.

ಹತ್ತಿರದಿಂದ ತೋರಿಸುತ್ತೇನೆ. ರೆಗ್ಯುಲೇಟರಿನ ಈ ದುಂಡು ಡಬ್ಬಿಯೊಳಗೆ ಒಂದು ರಬ್ಬರ್ ಪೊರೆ ಇದೆ. ಅದರ ಒಂದು ಬದಿಗೆ ಗ್ಯಾಸ್, ಇನ್ನೊಂದು ಬದಿಗೆ ಸ್ಪ್ರಿಂಗ್ ಮತ್ತು ಗಾಳಿ. ಒಲೆ ಹಚ್ಚಿದಾಗ, ಆರಿಸಿದಾಗ ಪೊರೆ ಆಡುತ್ತದೆ. ಆಗ ಗಾಳಿ ಹೋಗಿಬರುವ ದಾರಿ ಈ ಪುಟ್ಟ ರಂಧ್ರ. ಇದು ಉಸಿರಾಡಿದರೇನೇ ಒಲೆಗೆ ಹೋಗುವ ಒತ್ತಡ 21 ಮಿಲಿಬಾರ್ ಆಸುಪಾಸಿನಲ್ಲಿ ನಿಲ್ಲುವುದು. ಒಂದು ಗೇಣು ಆಳದ ನೀರಿಗೆ ಇರುವಷ್ಟೇ ಒತ್ತಡ ಅದು. ಪೊರೆ ಹರಿದರೆ ಗ್ಯಾಸ್ ಹೊರಬೀಳುವುದೂ ಇಲ್ಲಿಂದಲೇ.

ಸಿಲಿಂಡರಿನ ಗ್ಯಾಸ್ ಭಾರ, ನೆಲದ ಮೇಲೆ ಹರಡುತ್ತದೆ. ನಮಗೆಲ್ಲ ಅದೇ ಅಭ್ಯಾಸ. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಬಯಲಿದ್ದರೆ ಮೇಲೇರಿ ಚದುರಿಹೋಗುತ್ತದೆ. ಇಲ್ಲಿ ಮೇಲೇರಿದರೆ ತಡೆಯಲು ಟಾರ್ಪಾಲು, ಪಕ್ಕದಲ್ಲಿ ಅಡುಗೆಮನೆಯ ತೆರೆದ ಕಿಟಕಿ! ನನಗೆ ನಿಜಕ್ಕೂ ಹೆದರಿಕೆಯಾಯಿತು.

ಅಮೆರಿಕದ ಸುರಕ್ಷತಾ ನಿಯಮದಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ: ರಂಧ್ರ ಹೊರಗಿನ ಗಾಳಿಗೇ ತೆರೆಯಬೇಕು, ಕಿಟಕಿ ಬಾಗಿಲುಗಳಿಂದ ದೂರವಿರಬೇಕು, ಮಳೆಯೂ ಹುಳವೂ ಒಳಹೋಗಬಾರದು, ನೆರೆ ಬರುವಲ್ಲಿ ನೀರಿನಿಂದ ರಕ್ಷಣೆ ಬೇಕು. ಕಟ್ಟಡದ ಒಳಗೆ ಕೂರಿಸುವ ಮೀಟರ್ ಅಂತೂ ಬೆಂಕಿ ಕಿಡಿಯ ಮೂಲದಿಂದ ಕನಿಷ್ಠ 3 ಅಡಿ ಆಚೆ. ಮಳೆ ಮತ್ತು ಹುಳದ ಮಾತು ನಮ್ಮ ಊರನ್ನು ನೋಡಿಯೇ ಬರೆದಂತಿದೆ.

ಏಕೆಂದರೆ, ಇಲ್ಲಿ ನೋಡಿ. ರಂಧ್ರದ ಜಾಲರಿಯ ಅಂಚಿನಲ್ಲಿ ಕಡಲೆಕಾಳಿನಷ್ಟು ಹಸಿ ಮಣ್ಣು. ಕುಂಬಾರ ಹುಳು ಗೂಡು ಕಟ್ಟಲು ಶುರುಮಾಡಿದೆ. ಅಕ್ಕ ಹಿಡಿಕಡ್ಡಿ ಹಿಡಿದು ಬಂದಳು. ಬೇಡವೆಂದೆ. ಜಾಲರಿ ಹರಿಯಬಹುದು, ಮಣ್ಣು ಒಳಗೇ ಹೋಗಿ ಕೂರಬಹುದು. ಮೀಟರಿನ ಮೇಲೆ ಅಂಟಿಸಿದ್ದ ಸಂಖ್ಯೆಗೆ ಕರೆ ಮಾಡಿದೆವು.

ಮರುದಿನ ಬಂದವರು ಮಣ್ಣು ತೆಗೆದರು, ಜೋಡಣೆಗಳಿಗೆಲ್ಲ ಸಾಬೂನು ನೀರು ಹಚ್ಚಿದರು. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಭಾವ ಟಾರ್ಪಾಲನ್ನು ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಸರಿಸಿ ಕಟ್ಟಿದ್ದಾರೆ. ಸಂಜೆ ಮಳೆ ಬಂತು. ರೆಗ್ಯುಲೇಟರ್ ಒದ್ದೆಯಾಯಿತು, ಅದರ ರಂಧ್ರ ನೆಲದ ಕಡೆಗೆ ಮುಖಮಾಡಿತ್ತು, ನೀರು ಸುಮ್ಮನೆ ಇಳಿದುಹೋಯಿತು.